ಹಳೇ ಮಾರುತಿ 800 ಚಳಿಗೆ ಸ್ಟಾರ್ಟ್ ಆಗ್ತಿಲ್ಲ ಅಂತ ಎಂಜಿನ್ ಬಿಚ್ಚೋಕೆ ಕೊಡೋ ಮುಂಚೆ ಇದನ್ನ ಓದಿ

ನಮ್ಮನೇಲಿ ಅಪ್ಪ ತಗೊಂಡಿದ್ದ 1997ರ ಮಾರುತಿ 800 ಇದೆ. ಕಾರ್ಬೊರೇಟರ್ (ಪೆಟ್ರೋಲ್ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋ ಭಾಗ) ಇರೋ ಗಾಡಿ, ಡ್ಯಾಶ್‌ಬೋರ್ಡಲ್ಲಿ ಕೈಯಲ್ಲಿ ಎಳೆಯೋ ಚೋಕ್ ಇರೋದು, ಅಂದ್ರೆ ಚಳೀಲಿ ಸ್ಟಾರ್ಟ್ ಮಾಡುವಾಗ ಕಾರ್ಬೊರೇಟರಿಗೆ ಹೋಗೋ ಗಾಳಿ ಮುಚ್ಚೋ ವ್ಯವಸ್ಥೆ. ಊರು ಮೂಡಿಗೆರೆ ಹತ್ರ. ಹೋದ ಚಳಿಗಾಲದಲ್ಲಿ ಈ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ ನಾನು 10,350 ರೂಪಾಯಿ ಕಳ್ಕೊಂಡೆ, ಗಾಡಿ ಜೊತೆ ಬಂದಿದ್ದ ಒರಿಜಿನಲ್ ಕಾರ್ಬೊರೇಟರ್ ಕಳ್ಕೊಂಡೆ, ಇನ್ನೊಂಚೂರು ತಪ್ಪಿದ್ರೆ ಗಾಡಿನೇ ಸುಟ್ಟು ಹೋಗ್ತಿತ್ತು. ಕೊನೆಗೆ ಸಿಕ್ಕಿದ ಕಾಯಿಲೆ ಏನು ಗೊತ್ತಾ, ಚೋಕ್ ಕೇಬಲ್ ಹಿಡ್ಕೊಳೋ ಒಂದು ಸಣ್ಣ ತಗಡಿನ ಕ್ಲಿಪ್ ಮುರಿದಿತ್ತು. ಅಷ್ಟೇ. ಹಳೇ ಗಾಡಿ ಪ್ರೀತಿಯಿಂದ ಇಟ್ಕೊಂಡಿರೋರು ಇನ್ನೂ ತುಂಬಾ ಜನ ಇದೀರ, ಅದಕ್ಕೆ ಉದ್ದ ಆದ್ರೂ ಪೂರ್ತಿ ಬರೀತಿದೀನಿ.

ಶುರುವಾಗಿದ್ದು ಡಿಸೆಂಬರಲ್ಲಿ, ಕಾಫಿ ಕುಯ್ಲು ಜೋರಾಗಿರೋ ಟೈಮು. ನಮ್ಕಡೆ ಬೆಳಿಗ್ಗೆ ಆರೂವರೆಗೆ ಗಾಡಿ ಗ್ಲಾಸ್ ಮೇಲೆ ಇಬ್ಬನಿ ನೀರಾಗಿ ಇಳೀತಿರುತ್ತೆ, ಕೈ ಮರಗಟ್ಟೋ ಚಳಿ. ಸೆಲ್ಫ್ ಚೆನ್ನಾಗೇ ತಿರುಗ್ತಿತ್ತು, ಎಂಜಿನ್ ಮಾತ್ರ ಹಿಡೀತಿರ್ಲಿಲ್ಲ. ಚೋಕ್ ನಾಬ್ ಪೂರ್ತಿ ಎಳೀತಿದ್ದೆ, ಅದು ಯಾವಾಗಿನ ಹಾಗೇ ಕೈಗೆ ಬರ್ತಿತ್ತು, ಸ್ವಲ್ಪ ಹಗುರ ಅನ್ಸಿದ್ದು ನಿಜ, ಆದ್ರೆ ಅದನ್ನ ನಾನು ತಲೆಗೆ ಹಾಕ್ಕೊಳ್ಳಲಿಲ್ಲ. ಹಿಡೀಲಿಲ್ಲ ಅಂತ ಆಕ್ಸಿಲರೇಟರ್ ಹತ್ತು ಸಲ ಹದಿನೈದು ಸಲ ತುಳಿಯೋದು, ಮತ್ತೆ ಸೆಲ್ಫ್ ಹೊಡಿಯೋದು, ಪೆಟ್ರೋಲ್ ವಾಸನೆ ಗಮ್ಮಂತ ಬರೋದು, ಕೊನೆಗೆ ಬ್ಯಾಟ್ರಿ ಸುಸ್ತಾಗೋದು. ಬಿಸಿಲು ಏರಿ ಹತ್ತು ಗಂಟೆ ಆದ್ಮೇಲೆ ಹೋಗಿ ಕೀ ತಿರುಗಿಸಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ಸ್ಟಾರ್ಟ್.

ಒಂದಿನ ಅಮ್ಮನ್ನ ಹಾಸನಕ್ಕೆ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕಿತ್ತು, ಒಂಬತ್ತು ಗಂಟೆಗೆ ಟೈಮ್ ಕೊಟ್ಟಿದ್ರು. ಅವ್ರು ಶಾಲು ಹೊದ್ದು ಆರು ಗಂಟೆಯಿಂದ ಗಾಡಿ ಒಳಗೆ ಕೂತಿದ್ರು, ನಾನು ಮುಕ್ಕಾಲು ಗಂಟೆ ಒದ್ದಾಡಿದೆ, ಆಗ್ಲಿಲ್ಲ. ಪಕ್ಕದ ಎಸ್ಟೇಟಿನವರ ಜೀಪು ಕೇಳ್ಕೊಂಡು ಹೋದ್ವಿ. ಅವತ್ತು ಮಧ್ಯಾಹ್ನನೇ ಗಾಡಿನ ಗ್ಯಾರೇಜಿಗೆ ಬಿಟ್ಟೆ.

ಇಲ್ಲೇ ಮೊದಲನೇ ತಪ್ಪು ಆಗಿದ್ದು, ದಯವಿಟ್ಟು ಗಮನ ಕೊಡಿ. ಮಧ್ಯಾಹ್ನ ಎರಡು ಗಂಟೆಗೆ ಮೂಡಿಗೆರೆ ಬಿಸಿಲಲ್ಲಿ, ಅದೂ ನಾನು ಓಡಿಸ್ಕೊಂಡು ಹೋಗಿರೋ ಬಿಸಿ ಎಂಜಿನ್ನಲ್ಲಿ, ಚಳಿಯ ಕಾಯಿಲೆ ಯಾರಿಗೂ ಕಾಣಲ್ಲ. ಮೆಕ್ಯಾನಿಕ್ ಕೀ ತಿರುಗಿಸಿದ, ಒಂದೇ ಸೆಲ್ಫಿಗೆ ಹಿಡೀತು. ಕಾರ್ಬೊರೇಟರ್ ಕಸ ಕಟ್ಟಿರುತ್ತೆ ಸಾರ್ ಅಂತ ಸರ್ವಿಸ್ ಮಾಡಿ 1,200 ತಗೊಂಡ. ಮಾರನೇ ದಿನ ಬೆಳಿಗ್ಗೆ ಅದೇ ಕಥೆ. ಮತ್ತೆ ಹೋದೆ, ಮೂರು ಪ್ಲಗ್ಗು ಮತ್ತೆ ಪ್ಲಗ್ ವೈರು ಹೊಸದು ಹಾಕಿದ್ರು, 850. ಮತ್ತೆ ಅದೇ.

ಮೂರನೇ ಸಲ ಬೆಳಿಗ್ಗೆ ಏಳಕ್ಕೆ ಅವರ ಹುಡುಗ ಮನೆ ಹತ್ರಾನೇ ಬಂದ. ಏರ್ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಟ್ಟ, ನೀರಿನ ಬಾಟ್ಲಿಲಿ ಅರ್ಧ ಲೀಟರ್ ಪೆಟ್ರೋಲ್ ತಂದಿದ್ದ, ಕಾರ್ಬೊರೇಟರ್ ಬಾಯಿಗೆ ಅದನ್ನ ಸುರೀತಾ ಸುರೀತಾನೇ ಸೆಲ್ಫ್ ಹೊಡೀರಿ ಅಂದ. ನಾನು ಹೊಡೆದೆ. ಎರಡು ಸುತ್ತು ತಿರುಗಿ ಡಬ್ ಅಂತ ಒಂದು ಸೌಂಡು, ಕಾರ್ಬೊರೇಟರ್ ಬಾಯಿಂದ ಮೊಳದುದ್ದ ಬೆಂಕಿ ಮೇಲಕ್ಕೆ ಬಂತು. ಅವನ ಕೈಲಿದ್ದ ಬಾಟ್ಲಿ ಮೂತಿಗೂ ಹತ್ತಿಕೊಳ್ತು. ಪುಣ್ಯಕ್ಕೆ ಅವನು ಬಾಟ್ಲಿನ ಅಂಗಳದ ಕಡೆ ಎಸೆದ, ನಾನು ಕಣದಲ್ಲಿ ಬಿದ್ದಿದ್ದ ಇಬ್ಬನಿಗೆ ನೆನೆದ ಗೋಣಿಚೀಲ ತಂದು ಎಂಜಿನ್ ಮೇಲೆ ಹಾಕಿ ಒತ್ತಿ ಹಿಡಿದೆ. ಹುಡುಗನ ಮುಂಗೈ ಕೂದಲೆಲ್ಲ ಕರಕಲಾಗಿತ್ತು, ಪೆಟ್ರೋಲ್ ಪೈಪಿಗೆ ಬೆಂಕಿ ತಾಗೋಕೆ ಒಂದು ಗೇಣು ಬಾಕಿ ಇತ್ತು. ಇಪ್ಪತ್ತೆರಡು ವರ್ಷದ ಹುಡುಗ ಅವನು. ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಯಾಕೆ ಹೀಗಾಗುತ್ತೆ ಅಂದ್ರೆ, ಎಷ್ಟು ಸುರಿದ್ರೂ ಚಳೀಲಿ ಆವಿ ಆಗೋ ಪೆಟ್ರೋಲ್ ಸ್ವಲ್ಪವೇ, ಹೀಗೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಇರೋ ಮಿಶ್ರಣ ನಿಧಾನಕ್ಕೆ ಉರಿಯುತ್ತೆ, ಗಾಳಿ ಎಳೆಯೋ ವಾಲ್ವ್ ಮತ್ತೆ ತೆರೆಯೋ ಹೊತ್ತಿಗೂ ಸಿಲಿಂಡರಲ್ಲಿ ಬೆಂಕಿ ಉಳಿದಿರುತ್ತೆ, ಅದು ಹಿಂದಕ್ಕೆ ಕಾರ್ಬೊರೇಟರ್ ಕಡೆಗೇ ಬರುತ್ತೆ. ಅದರ ಬಾಯಲ್ಲಿ ಬಾಟ್ಲಿ ಹಿಡ್ಕೊಂಡು ನಿಂತ್ರೆ ಏನಾಗುತ್ತೆ ಹೇಳಿ. ಎಷ್ಟೋ ಗ್ಯಾರೇಜಲ್ಲಿ ಇದು ಮಾಮೂಲು ಅನ್ನೋ ಹಾಗೆ ಮಾಡ್ತಾರೆ. ನಿಮ್ಮ ಗಾಡಿ ಹತ್ರ ಯಾರೇ ಹೀಗೆ ಮಾಡೋಕೆ ಬಂದ್ರೂ ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ.

ಇಷ್ಟಾದ್ಮೇಲೂ ನಾನು ಅದೇ ಗ್ಯಾರೇಜಿಗೆ ಕೊಟ್ಟೆ. ಪ್ಲಗ್ ಬಿಚ್ಚಿದ್ರು, ಮೂರೂ ಪೆಟ್ರೋಲಲ್ಲಿ ಒದ್ದೆ. ಓವರ್ ಫ್ಲೋ ಸಾರ್, ಕಾರ್ಬೊರೇಟರ್ ಹೋಗಿದೆ ಅಂದ್ರು. ಹೊಸ ಕಾರ್ಬೊರೇಟರ್ ಅಂತ ಯಾವುದೋ ಡುಪ್ಲಿಕೇಟ್ ಹಾಕಿ 6,500 ತಗೊಂಡ್ರು. ಮಾರನೇ ಬೆಳಿಗ್ಗೆ ಅದೂ ಸ್ಟಾರ್ಟ್ ಆಗ್ಲಿಲ್ಲ. ಕೊನೆಗೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿ ಒತ್ತಡ) ಚೆಕ್ ಮಾಡಿದ್ವಿ, ಮೂರು ಸಿಲಿಂಡರಲ್ಲೂ 90 ಪಿಎಸ್ಐ ಆಸುಪಾಸು ತೋರಿಸ್ತಿದೆ, ಪಿಸ್ಟನ್ ರಿಂಗ್ ಹೋಗಿದೆ, ಬೋರ್ ಮಾಡ್ಸ್ಬೇಕು, 35 ಸಾವಿರ ಆಗುತ್ತೆ ಅಂದ್ರು. ಆ ಚೆಕಿಂಗು ಲೇಬರು ಎಲ್ಲ ಸೇರಿ 1,800. ಅಪ್ಪನ ಗಾಡಿ ಅಲ್ವಾ, ಗುಜರಿಗೆ ಹಾಕೋಕೆ ಮನಸಿಲ್ಲ, 35 ಸಾವಿರ ಎಲ್ಲಿಂದ ತರೋದು ಅಂತ ಎರಡು ರಾತ್ರಿ ನಿದ್ದೆ ಇಲ್ಲ.

ಆಗ ನಮ್ಮ ಭಾವ ಹೇಳಿದ್ರು, ಬೇಲೂರು ಕಡೆ ಒಬ್ಬ ವಯಸ್ಸಾದ ಮೇಸ್ತ್ರಿ ಇದಾರೆ, ಅಂಬಾಸಿಡರ್, ಪದ್ಮಿನಿ ಕಾಲದೋರು, ಒಂದ್ಸಲ ತೋರ್ಸು ಅಂತ. ಮಧ್ಯಾಹ್ನ ಹೋದೆ. ಅವರು ಬಾನೆಟ್ಟೇ ತೆಗೀಲಿಲ್ಲ. "ಬೆಳಗಿನ ಕಾಯಿಲೆನ ಮಧ್ಯಾಹ್ನ ತೋರ್ಸಿದ್ರೆ ಹೆಂಗಪ್ಪ ಗೊತ್ತಾಗುತ್ತೆ, ರಾತ್ರಿ ಇಲ್ಲೇ ಹೊರಗೆ ನಿಲ್ಸಿ ಹೋಗು, ಬೆಳಿಗ್ಗೆ ಆರೂವರೆಗೆ ಬಾ, ಅಲ್ಲೀತನಕ ಯಾರೂ ಮುಟ್ಟಬಾರ್ದು" ಅಂದ್ರು.

ಬೆಳಿಗ್ಗೆ ಹೋದೆ. ಏರ್ ಫಿಲ್ಟರ್ ಬಿಚ್ಚಿದ್ರು, ಸೆಲ್ಫ್ ಹೊಡಿಬೇಡ, ಬರೀ ಚೋಕ್ ಎಳಿ ಅಂದ್ರು. ಎಳೆದೆ. ಮತ್ತೆ ಒತ್ತು ಅಂದ್ರು, ಮತ್ತೆ ಎಳಿ ಅಂದ್ರು. ಆಮೇಲೆ ನನ್ನ ಇಳಿಸಿ ಕರೆದು ತಮ್ಮ ಹುಡುಗನ ಕೈಲಿ ಎಳಿಸಿ ತೋರ್ಸಿದ್ರು. ಕಾರ್ಬೊರೇಟರ್ ಬಾಯಲ್ಲಿ ನಾಲ್ಕಾಣೆ ಬಿಲ್ಲೆಗಿಂತ ಸ್ವಲ್ಪ ದೊಡ್ಡದೊಂದು ಹಿತ್ತಾಳೆ ಬಣ್ಣದ ತಗಡು ಇರುತ್ತೆ, ಅದೇ ಚೋಕ್ ಫ್ಲಾಪ್. ನಾಬ್ ಪೂರ್ತಿ ಎಳೆದಾಗ ಅದು ಮಲಗಿ ಬಾಯಿ ಪೂರ್ತಿ ಮುಚ್ಚಬೇಕು. ನಮ್ಮದ್ರಲ್ಲಿ ಅರ್ಧ ತಿರುಗಿ ನಿಂತುಬಿಡ್ತಿತ್ತು, ಪಕ್ಕದಲ್ಲಿ ನನ್ನ ಕಿರುಬೆರಳು ಹೋಗೋಷ್ಟು ಸಂದು. ಅದೇ ಟೈಮಲ್ಲಿ ಕೇಬಲ್ಲಿನ ಮೇಲಿನ ಕರಿ ಔಟರ್ ಇದ್ಯಲ್ಲ, ಅದು ಹಾವು ಸರಿದ ಹಾಗೆ ಒಂದಿಂಚು ಮುಂದಕ್ಕೆ ಸರೀತಿತ್ತು. ಔಟರ್‌ನ ಕಾರ್ಬೊರೇಟರ್ ಹತ್ರ ಬಿಗಿಯಾಗಿ ಹಿಡ್ಕೊಳ್ಳೋಕೆ ಒಂದು ಕ್ಲಿಪ್ ಇರುತ್ತೆ, ಅದು ಮುರಿದು ಅರ್ಧ ಮಾತ್ರ ಉಳಿದಿತ್ತು. ಹಿಡ್ಕೊಳ್ಳೋಕೆ ಏನೂ ಇಲ್ದಿದ್ರೆ ನಾವು ಎಳೆದಿದ್ದೆಲ್ಲ ಔಟರ್ ಸರಿಯೋದ್ರಲ್ಲೇ ಖರ್ಚಾಗುತ್ತೆ, ಫ್ಲಾಪ್ ತನಕ ಹೋಗಲ್ಲ. ನಾಬ್ ಮಾತ್ರ ಕೈಗೆ ಪೂರ್ತಿ ಬರುತ್ತೆ! ಕಾರ್ಬೊರೇಟರ್ ಬದಲಾಯಿಸಿದ್ರೂ ಯಾಕೆ ಸರಿ ಹೋಗ್ಲಿಲ್ಲ ಅಂತ ಆಗ ಅರ್ಥ ಆಯ್ತು, ಅದೇ ಕೇಬಲ್, ಅದೇ ಮುರುಕು ಕ್ಲಿಪ್ ಹೊಸದಕ್ಕೂ ಸಿಕ್ಕಿಸಿದ್ರು.

ಹಾಗಾದ್ರೆ ಪ್ಲಗ್ ಒದ್ದೆ ಯಾಕಿತ್ತು ಅಂತ ಕೇಳಿದೆ. ಅದು ನನ್ನ ಕಾಲಿನ ಕೆಲಸ. ಚಳಿಗೆ ಪೆಟ್ರೋಲ್ ಆವಿ ಆಗಲ್ಲ, ತಣ್ಣಗಿರೋ ಮ್ಯಾನಿಫೋಲ್ಡ್ (ಕಾರ್ಬೊರೇಟರಿಂದ ಸಿಲಿಂಡರಿಗೆ ಹೋಗೋ ಕೊಳವೆ) ಗೋಡೆಗೆ ಹನಿಯಾಗಿ ಅಂಟ್ಕೊಳ್ಳುತ್ತೆ. ಚೋಕ್ ಗಾಳಿ ಮುಚ್ಚಿದಾಗ ಎಂಜಿನ್ ಎಳೆತಕ್ಕೆ ಪೆಟ್ರೋಲ್ ಜಾಸ್ತಿ ಬರುತ್ತೆ, ಅದರಲ್ಲಿ ಆವಿ ಆಗೋ ಪಾಲು ಉರಿಯೋಕೆ ಸಾಕಾಗುತ್ತೆ. ಚೋಕ್ ಮುಚ್ಚದೆ ಆಕ್ಸಿಲರೇಟರ್ ತುಳೀತಾ ಹೋದ್ರೆ ಹಸಿ ಪೆಟ್ರೋಲ್ ಚಿಮ್ಮಿ ಹೋಗಿ ಪ್ಲಗ್ ನೆನೆಸುತ್ತೆ, ಅಷ್ಟೇ ಅಲ್ಲ, ಸಿಲಿಂಡರ್ ಗೋಡೆ ಮೇಲಿನ ಆಯಿಲ್ ಪದರ ತೊಳೆದು ಹಾಕುತ್ತೆ. ಮೇಸ್ತ್ರಿ ಆಯಿಲ್ ಗೇಜ್ ಎಳೆದು ನನ್ನ ಮೂಗಿನ ಹತ್ರ ಹಿಡಿದ್ರು. ಆಯಿಲ್ ನೀರಿನ ಹಾಗೆ ತೆಳ್ಳಗೆ, ಪೂರ್ತಿ ಪೆಟ್ರೋಲ್ ವಾಸನೆ, ಲೆವೆಲ್ ಮೇಲಿನ ಗೆರೆಗಿಂತ ಜಾಸ್ತಿ. ಆಯಿಲ್ ಪದರ ಇಲ್ದಿದ್ರೆ ರಿಂಗ್ ಸೀಲ್ ಆಗಲ್ಲ, ಕಂಪ್ರೆಷನ್ ಕಮ್ಮಿ ತೋರ್ಸೇ ತೋರ್ಸುತ್ತೆ. ಅದರ ಮೇಲೆ ಆ ಗ್ಯಾರೇಜಲ್ಲಿ ಆಕ್ಸಿಲರೇಟರ್ ಒತ್ತದೇ ಚೆಕ್ ಮಾಡಿದ್ರು, ಅದನ್ನ ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ. ಗಾಳಿ ಒಳಗೆ ಹೋಗೋಕೆ ದಾರಿ ಕೊಡದೆ ಗಾಳಿ ಒತ್ತಡ ಅಳೆದ್ರೆ ಏನು ಬರುತ್ತೆ?

ಅವರು ಹೊಸ ಕ್ಲಿಪ್ ಹಾಕಿ ಕೇಬಲ್ ಬಿಗಿ ಮಾಡಿದ್ರು, ಪ್ಲಗ್ ಒಣಗಿಸಿ ಹಾಕಿದ್ರು, ಹಾಳಾಗಿದ್ದ ಆಯಿಲ್ ಇಳಿಸಿ ಹೊಸದು ತುಂಬಿದ್ರು. ಚೋಕ್ ಪೂರ್ತಿ ಎಳೆದು ಎರಡನೇ ಸೆಲ್ಫಿಗೆ ಹಿಡೀತು. ಎಂಜಿನ್ ಚೆನ್ನಾಗಿ ಬಿಸಿಯಾದ್ಮೇಲೆ ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಕಂಪ್ರೆಷನ್ ನೋಡಿದ್ರು, ಮೂರ್ರಲ್ಲೂ 150ರ ಮೇಲೆ. 35 ಸಾವಿರ ಕೊಟ್ಟು ಬಿಚ್ಚಿಸಬೇಕಿದ್ದ ಎಂಜಿನ್ ಇದು. ಆಯಿಲ್ ದುಡ್ಡು ಬಿಟ್ಟು ಅವರು ತಗೊಂಡಿದ್ದು 300 ರೂಪಾಯಿ.

ಅದಕ್ಕೇ ಹೇಳ್ತಿದೀನಿ, ಮೊದಲು ನಿಮ್ಮ ಕಣ್ಣಲ್ಲೇ ಆ ಫ್ಲಾಪ್ ನೋಡಿ. ಎಂಜಿನ್ ಆಫ್ ಇರ್ಲಿ, ಫಿಲ್ಟರ್ ತೆಗೆದು ಮನೇಲಿ ಯಾರಿಗಾದ್ರೂ ಚೋಕ್ ಎಳೆಯೋಕೆ ಹೇಳಿ, ಎರಡು ನಿಮಿಷದ ಕೆಲಸ. ಪೂರ್ತಿ ಮುಚ್ಚುತ್ತಾ, ಒತ್ತಿದಾಗ ಪೂರ್ತಿ ತೆರೆಯುತ್ತಾ, ಎರಡೂ ನೋಡಿ, ತೆರೆಯದೇ ಉಳಿದ್ರೆ ಮೈಲೇಜ್ ಹೋಗುತ್ತೆ, ಆಯಿಲ್ಲೂ ಹಾಳಾಗುತ್ತೆ. ಸ್ಟಾರ್ಟ್ ಮಾಡುವಾಗ ಚೋಕ್ ಪೂರ್ತಿ ಎಳೆದು ಆಕ್ಸಿಲರೇಟರ್ ಒಂದೋ ಎರಡೋ ಸಲ ತುಳಿದು ಕಾಲು ತೆಗೀರಿ, ಐದಾರು ಸೆಕೆಂಡ್ ಸೆಲ್ಫ್, ಹಿಡೀಲಿಲ್ಲ ಅಂದ್ರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಹಿಡಿದ್ಮೇಲೆ ಅರ್ಧ ಒಳಗೆ ತಳ್ಳಿ, ಎಂಜಿನ್ ಸ್ವಲ್ಪ ಬಿಸಿಯಾಗ್ತಿದ್ದ ಹಾಗೆ ಪೂರ್ತಿ ತಳ್ಳಿ. ಪೆಟ್ರೋಲ್ ವಾಸನೆ ಜೋರಾಗಿ ಬಂದ್ರೆ ಓವರ್ ಆಗಿದೆ ಅಂತ ಅರ್ಥ, ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕೊಂಡೇ ಸೆಲ್ಫ್ ಹೊಡೀರಿ, ಪಂಪ್ ಮಾತ್ರ ಮಾಡ್ಬೇಡಿ.

ಫ್ಲಾಪ್ ಸರಿಯಿದ್ದೂ ಹಿಡೀತಿಲ್ಲ ಅಂದ್ರೆ ಒಂದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ರೆ ಪೆಟ್ರೋಲ್ ಬರ್ತಿಲ್ಲ. ಗಾಡಿ ವಾರಗಟ್ಟಲೆ ನಿಂತಿದ್ರೆ ಕಾರ್ಬೊರೇಟರ್ ಬೌಲಲ್ಲಿರೋ ಪೆಟ್ರೋಲ್ ಆವಿಯಾಗಿ ಹೋಗಿರುತ್ತೆ, ಸೆಲ್ಫ್ ಸ್ವಲ್ಪ ಹೊತ್ತು ತಿರುಗಿ ಪಂಪ್ ತುಂಬಿಸೋ ತನಕ ಹಿಡಿಯಲ್ಲ, ಅದು ಕಾಯಿಲೆ ಅಲ್ಲ. ದಿನಾ ಓಡಿಸೋ ಗಾಡಿಲೂ ಹೀಗಾದ್ರೆ ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಪಂಪಿಗೆ ಎಸಿ ಪಂಪ್ ಅಂತಾರಲ್ಲ, ಅದರ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ನೋಡಿಸಿ. ಒದ್ದೆ ಇದ್ರೆ ಕರೆಂಟ್ ಬರ್ತಿದ್ಯಾ ನೋಡಿ. ಸೆಲ್ಫ್ ಹೊಡೆದಾಗ ಹೆಡ್‌ಲೈಟ್ ಮಂಕಾಗಿ ಸೆಲ್ಫು ಗೊಣಗಿದ್ರೆ ಬ್ಯಾಟ್ರಿ ಇಲ್ಲಾ ಎಂಜಿನ್ ಅರ್ಥ್ ವೈರ್, ಅದಕ್ಕೂ ಕಾರ್ಬೊರೇಟರಿಗೂ ಸಂಬಂಧ ಇಲ್ಲ.

ಇನ್ನೊಂದು, ಈಗ ಬರ್ತಿರೋ ಪೆಟ್ರೋಲು. 2023ರ ಫೆಬ್ರವರಿಲಿ ಬೆಂಗಳೂರಲ್ಲೇ ಇ20 ಬಿಡುಗಡೆ ಮಾಡಿದ್ರು, ಈಗ ಬಂಕಲ್ಲಿ ಹೆಚ್ಚುಕಮ್ಮಿ ಅದೇ ಸಿಗೋದು, ನೂರರಲ್ಲಿ 20 ಪಾಲು ಎಥನಾಲ್. ಎಥನಾಲ್ ಆವಿ ಆಗೋಕೆ ಪೆಟ್ರೋಲಿಗಿಂತ ಜಾಸ್ತಿ ಶಾಖ ಬೇಕು, ಉರಿಯೋಕೆ ಗಾಳಿ ಕಮ್ಮಿ ಸಾಕು. ಹೊಸ ಗಾಡಿಲಿ ಸೆನ್ಸರ್ ನೋಡ್ಕೊಂಡು ಸರಿ ಮಾಡ್ಕೊಳ್ಳುತ್ತೆ, ನಮ್ಮ ಕಾರ್ಬೊರೇಟರಿಗೆ ಅದೆಲ್ಲ ತಿಳಿಯಲ್ಲ, ಜೆಟ್ಟಿನ ತೂತು ಎಷ್ಟಿದ್ಯೋ ಅಷ್ಟೇ ಬಿಡುತ್ತೆ. ಹಾಗಾಗಿ ಮೊದಲು ಅರ್ಧ ಚೋಕಲ್ಲಿ ಹಿಡೀತಿದ್ದ ಗಾಡಿಗೂ ಈಗ ಪೂರ್ತಿ ಬೇಕಾಗ್ಬಹುದು. ಎಥನಾಲ್ ಹಳೇ ರಬ್ಬರನ್ನ ಕೆಡಿಸ್ಬಹುದು, ಅದಕ್ಕೆ ರಬ್ಬರ್ ಪೈಪನ್ನ ಆಗಾಗ ಮುಟ್ಟಿ ನೋಡ್ತಿರಿ, ಪಂಪಿನ ಡಯಾಫ್ರಂನೂ ನೋಡಿಸ್ತಿರಿ, ಮೆತ್ತಗಾಗಿ ಉಬ್ಬಿದ್ರೆ ಕಾಯ್ಬೇಡಿ, ಬದಲಾಯಿಸಿ.

ಗ್ಯಾರೇಜಿಗೆ ಕೊಡೋದಾದ್ರೆ ಹಿಂದಿನ ದಿನ ಸಂಜೆನೇ ಬಿಟ್ಟು, ಬೆಳಿಗ್ಗೆ ಮೊದಲನೇ ಸೆಲ್ಫ್ ಹೊಡೆಯುವಾಗ ನೀವೂ ಅಲ್ಲಿರಿ. ಏನೇ ಬದಲಾಯಿಸಿದ್ರೂ ಹಳೇ ಸಾಮಾನು ಅಲ್ಲೇ ಕೇಳಿ ಕೈಗೆ ಇಸ್ಕೊಳ್ಳಿ. ನಾನು ಕೇಳಿರ್ಲಿಲ್ಲ. ಕ್ಲಿಪ್ ಕಥೆ ಗೊತ್ತಾದ ದಿನವೇ ಓಡಿಹೋಗಿ ನಮ್ಮ ಹಳೇ ಕಾರ್ಬೊರೇಟರ್ ವಾಪಸ್ ಕೊಡಿ ಅಂದೆ, ಅಪ್ಪ ಇಪ್ಪತ್ತು ವರ್ಷ ಜೋಪಾನ ಮಾಡಿದ್ದು ಅದು, ಏನೂ ಕೆಟ್ಟಿರ್ಲಿಲ್ಲ. ಮೊನ್ನೆನೇ ಗುಜರಿಯವನು ಬಂದಿದ್ದ ಸಾರ್, ತೂಕಕ್ಕೆ ಹಾಕಿಬಿಟ್ವಿ ಅಂದ್ರು.