ಎಂಎಬಿ7ಎ ಪ್ರತಿಕಾಯ: ಗೆಫಿರಿನ್‌ನ ನೆಲೆ ತೋರಿಸುತ್ತದೆ, ಪ್ರಮಾಣ ತಿಳಿಸುವುದಿಲ್ಲ

ಪ್ರತಿಬಂಧಕ ಸಿನಾಪ್ಸ್‌ಗಳನ್ನು, ಅಂದರೆ ಮುಂದಿನ ನರಕೋಶದ ಚಟುವಟಿಕೆಯನ್ನು ತಗ್ಗಿಸುವ ನರಸಂಧಿಗಳನ್ನು, ಸೂಕ್ಷ್ಮದರ್ಶಕದಲ್ಲಿ ಗುರುತಿಸಬೇಕಾದವರು ದಶಕಗಳಿಂದ ನೆಚ್ಚಿಕೊಂಡಿರುವ ಮಾನೋಕ್ಲೋನಲ್ (ಒಂದೇ ಗುರಿಗೆ ಅಂಟುವ ಏಕರೂಪದ) ಪ್ರತಿಕಾಯ ಎಂಎಬಿ7ಎ. 1980ರ ದಶಕದಲ್ಲಿ ಬೆನ್ನುಹುರಿಯಿಂದ ಶುದ್ಧೀಕರಿಸಿದ ಗ್ಲೈಸೀನ್ ಗ್ರಾಹಕದ (ಗ್ಲೈಸೀನ್ ಎಂಬ ನರಸಂದೇಶವಾಹಕವನ್ನು ಹಿಡಿಯುವ ಪ್ರೊಟೀನಿನ) ವಿರುದ್ಧ ಇದನ್ನು ತಯಾರಿಸಲಾಯಿತಾದರೂ ಇದು ಗುರುತಿಸುವುದು ಗ್ರಾಹಕವನ್ನಲ್ಲ, ಅದರ ಜೊತೆಗೇ ಹೊರಬಂದ ಸುಮಾರು 93 ಕಿಲೋಡಾಲ್ಟನ್ ತೂಕದ ಗೆಫಿರಿನ್ ಪ್ರೊಟೀನನ್ನು. ಗೆಫಿರಿನ್ ಅಣುಗಳು ನರಕೋಶದ ಪೊರೆಯ ಒಳಬದಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡು, ಗ್ಲೈಸೀನ್ ಗ್ರಾಹಕಗಳನ್ನೂ ಗಾಬಾ ಎಂಬ ಇನ್ನೊಂದು ನರಸಂದೇಶವಾಹಕವನ್ನು ಹಿಡಿಯುವ ಹಲವು ಬಗೆಯ ಗಾಬಾ-ಎ ಗ್ರಾಹಕಗಳನ್ನೂ ಸಿನಾಪ್ಸ್‌ನಲ್ಲಿ ನೆಲೆನಿಲ್ಲಿಸುತ್ತವೆ. ನ್ಯೂರೋಲಿಜಿನ್-2 ಮತ್ತು ಕಾಲಿಬಿಸ್ಟಿನ್ ಎಂಬ ಪ್ರೊಟೀನುಗಳು ಈ ಕೆಲಸಕ್ಕೆ ನೆರವಾಗುತ್ತವೆ.

ನೆಲೆ ಗುರುತಿಸುವ ಕೆಲಸದಲ್ಲಿ ಈ ಪ್ರತಿಕಾಯ ನಿಜಕ್ಕೂ ಉತ್ತಮ. ಪ್ರಯೋಗಾಲಯದಲ್ಲಿ ಬೆಳೆಸಿದ ಹಿಪೊಕ್ಯಾಂಪಸ್ (ಮಿದುಳಿನ ಒಂದು ಭಾಗ) ನರಕೋಶಗಳಲ್ಲಿ ಡೆಂಡ್ರೈಟುಗಳೆಂಬ ಕವಲುಗಳ ಉದ್ದಕ್ಕೂ ಚುಕ್ಕೆಗಳು ಸ್ಪಷ್ಟವಾಗಿ ಮೂಡುತ್ತವೆ, ಕೋಶದ್ರವದಲ್ಲಿ ಹರಡಿಕೊಂಡಿರುವ ಗೆಫಿರಿನ್ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಆದರೆ ಎಚ್ಚರ ಬೇಕಾದದ್ದು ಇಲ್ಲಿಯೇ: ಸೆರೀನ್ 270ರ ಸ್ಥಾನದಲ್ಲಿ (ಪ್ರೊಟೀನ್ ಸರಪಳಿಯ 270ನೇ ಅಮೈನೋ ಆಮ್ಲವಾದ ಸೆರೀನ್‌ನಲ್ಲಿ) ಫಾಸ್ಫೇಟ್ ಸೇರಿರುವ ಗೆಫಿರಿನ್‌ಗೆ ಮಾತ್ರ ಇದು ಅಂಟಿಕೊಳ್ಳುತ್ತದೆ ಎಂಬುದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ಖಚಿತವಾಗಿದೆ. ಜಿಎಸ್‌ಕೆ3-ಬೀಟಾ, ಸಿಡಿಕೆ5ರಂತಹ, ಫಾಸ್ಫೇಟ್ ಜೋಡಿಸುವ ಕಿಣ್ವಗಳಾದ ಕೈನೇಸ್‌ಗಳು ಈ ಸ್ಥಾನಕ್ಕೆ ಫಾಸ್ಫೇಟ್ ಸೇರಿಸುವುದರಿಂದ, ಅವುಗಳನ್ನು ತಡೆಯುವ ಔಷಧ ಕೊಟ್ಟ ಕೋಶಗಳಲ್ಲಿ ಚುಕ್ಕೆಗಳು ಮಂಕಾದ ಮಾತ್ರಕ್ಕೆ ಗೆಫಿರಿನ್ ಕಡಿಮೆಯಾಯಿತೆಂದು ತೀರ್ಮಾನಿಸುವಂತಿಲ್ಲ. ಆ ಫಾಸ್ಫೇಟ್ ಇಲ್ಲದಿದ್ದಾಗ ಗೆಫಿರಿನ್ ಗುಂಪುಗಳು ವಾಸ್ತವದಲ್ಲಿ ಹೆಚ್ಚಾಗಿರಲೂ ಸಾಧ್ಯ. ಚುಕ್ಕೆಗಳ ಹೊಳಪನ್ನೇ ಸಿನಾಪ್ಸ್‌ನ ಬಲವೆಂದು ಓದುವ ಲೇಖನಗಳು ಈಗಲೂ ಬರುತ್ತಿರುವುದು ನನಗೆ ಬೇಸರದ ಸಂಗತಿ.

ಒಟ್ಟು ಪ್ರಮಾಣ ಬೇಕಿದ್ದರೆ, ಫಾಸ್ಫೇಟ್ ಇದ್ದರೂ ಇಲ್ಲದಿದ್ದರೂ ಗೆಫಿರಿನ್ ಗುರುತಿಸುವ 3ಬಿ11 ಪ್ರತಿಕಾಯದಿಂದ ವೆಸ್ಟರ್ನ್ ಬ್ಲಾಟ್ (ಪ್ರೊಟೀನುಗಳನ್ನು ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ ಪ್ರತಿಕಾಯದಿಂದ ಅಳೆಯುವ ಪರೀಕ್ಷೆ) ಮಾಡುವುದೇ ಸರಿ.

ಬಳಕೆಯಲ್ಲಿ ಇನ್ನೂ ಎರಡು ತೊಡಕುಗಳಿವೆ. ಅಂಗಾಂಶವನ್ನು ಕೆಡದಂತೆ ಸ್ಥಿರಗೊಳಿಸುವ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಹೆಚ್ಚು ಹೊತ್ತು ಇಟ್ಟ ಮಿದುಳಿನ ತೆಳು ಹೋಳುಗಳಲ್ಲಿ ಸಂಕೇತ ಬಹಳ ಕುಗ್ಗುತ್ತದೆಯಾದ್ದರಿಂದ ಅಲ್ಪಾವಧಿಯ ಸ್ಥಿರೀಕರಣವೇ ಮೇಲು. ಅಲ್ಲದೆ ಇದು ಮೂಷಿಕ ಮೂಲದ ಪ್ರತಿಕಾಯವಾಗಿರುವುದರಿಂದ, ಮೂಷಿಕದ ಅಂಗಾಂಶದಲ್ಲಿ ಬಳಸಿದಾಗ ದ್ವಿತೀಯಕ ಪ್ರತಿಕಾಯವು (ಮೊದಲ ಪ್ರತಿಕಾಯಕ್ಕೆ ಅಂಟಿ ಅದನ್ನು ಕಾಣುವಂತೆ ಮಾಡುವುದು) ಅಂಗಾಂಶದ ಸ್ವಂತ ಪ್ರತಿಕಾಯಗಳಿಗೂ ಅಂಟಿ ರಕ್ತನಾಳಗಳನ್ನೂ ಬೆಳಗಿಸಿಬಿಡುತ್ತದೆ. ಜೊತೆಯಲ್ಲಿ, ಪ್ರತಿಬಂಧಕ ಸಿನಾಪ್ಸ್‌ನ ಸಂದೇಶ ಕಳುಹಿಸುವ ತುದಿಯಲ್ಲಿರುವ ಪ್ರೊಟೀನಾದ ವಿಗ್ಯಾಟ್‌ಗೂ ಬಣ್ಣ ಹಾಕಿ, ಅದರ ಎದುರಿಗಿರುವ ಚುಕ್ಕೆಗಳನ್ನಷ್ಟೇ ಎಣಿಸಿದರೆ ಇಂತಹ ಹುಸಿ ಗುರುತುಗಳು ಬಹುಪಾಲು ದೂರವಾಗುತ್ತವೆ.

ಸ್ಥಿರೀಕರಿಸಿದ ಕೋಶಗಳಲ್ಲಿ ಪ್ರತಿಬಂಧಕ ಸಿನಾಪ್ಸ್‌ಗಳ ಸ್ಥಾನ ಗುರುತಿಸುವವರಿಗೆ ನಾನು ಇದನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಜೀವಂತ ನರಕೋಶದಲ್ಲಿ ಗೆಫಿರಿನ್‌ನ ಚಲನೆಯನ್ನು ಹಿಂಬಾಲಿಸಬೇಕಾದವರು ಮಾತ್ರ, ಕೋಶದೊಳಗೇ ತಯಾರಾಗಿ ಗೆಫಿರಿನ್‌ಗೆ ಅಂಟುವ, 2013ರಲ್ಲಿ ಪ್ರಕಟವಾದ ಫಿಂಗ್‌ಆರ್ ಶೋಧಕವನ್ನು ಆರಿಸಿಕೊಳ್ಳಬೇಕು.