ಗಿಟಾರ್ ನೆಕ್ ಅಳೆಯೋ ಟೂಲ್ ಕಿಟ್ ತಗೊಳ್ಳೋ ಮುಂಚೆ ಇದನ್ನು ಓದಿ

ಬೆಳಗ್ಗೆಯಿಂದ ಮೂರು ಸಲ ಬರೆದು ಅಳಿಸಿದೆ. ನಾಚಿಕೆ ಆಗುತ್ತಿದೆ. ಹದಿನಾಲ್ಕು ವರ್ಷದಿಂದ ಹಾಸನದಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಿರುವ ನಾನು ಒಂದು ಸೊಟ್ಟ ಸ್ಟೀಲ್ ಪಟ್ಟಿಗೆ 2,650 ರೂಪಾಯಿ ಕೊಟ್ಟೆ. ಕೊಟ್ಟಿದ್ದು ಹೋಗಲಿ, ಅದನ್ನು ನಂಬಿ ಒಬ್ಬ ಹುಡುಗನ ಗಿಟಾರ್ ಕೆಡಿಸಿದೆ. ಅದೂ ಹೋಗಲಿ ಅಂದರೆ, ಮಾರಿದವನ ಉತ್ತರಗಳು! ಅವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೆಸರು ಹಾಕುವುದಿಲ್ಲ. ಆದರೆ ಕಿಟ್ ಹೇಗಿತ್ತು, ಏನೇನು ಹೇಳಿದ ಅನ್ನೋದನ್ನು ಪೂರ್ತಿ ಹೇಳುತ್ತೇನೆ. ನೋಡಿದರೆ ನಿಮಗೇ ಗುರುತು ಸಿಗುತ್ತದೆ.

ನಮ್ಮ ಕಡೆಯ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಗಿಟಾರಿನ ನೆಕ್ (ಉದ್ದನೆಯ ಕುತ್ತಿಗೆ), ತಂತಿ ಎತ್ತರ ಹದ ಮಾಡೋ ಸೆಟಪ್ ಮಾಡಿಸಬೇಕು ಅಂದರೆ ಬೆಂಗಳೂರಿಗೋ ಮೈಸೂರಿಗೋ ಹೊತ್ತುಕೊಂಡು ಹೋಗಬೇಕು. ಅಲ್ಲಿ ಬಿಟ್ಟು ಬರಬೇಕು, ಮತ್ತೆ ತರಬೇಕು. ಬಸ್ಸಿನಲ್ಲಿ ಗಿಟಾರ್ ಮಡಿಲಲ್ಲಿ ಇಟ್ಟುಕೊಂಡು ಕೂರೋದು ಎಂಥಾ ಹಿಂಸೆ ಅನ್ನೋದು ಹೋದವರಿಗೇ ಗೊತ್ತು. ನನ್ನ ಹತ್ತಿರ ಸಕಲೇಶಪುರದ ಕಡೆಯಿಂದ ನಾಲ್ಕೈದು ಮಕ್ಕಳು ಬರುತ್ತಾರೆ. ಆ ಮಳೆಗೆ ಮರ ತೇವ ಕುಡಿದು ಪ್ರತಿ ವರ್ಷ ತಂತಿ ಮೇಲೇರಿ ಕೂತಿರುತ್ತದೆ. ಮಕ್ಕಳ ಬೆರಳು ನೋಯುತ್ತದೆ. ಸರಿ, ಟೂಲ್ ನಾನೇ ತಗೊಂಡು ಬಿಡೋಣ ಅಂದುಕೊಂಡೆ.

ಜಾಹೀರಾತು ಕಣ್ಣಿಗೆ ಬಿತ್ತು. ನಾಚ್ಡ್ ಸ್ಟ್ರೇಟ್ ಎಡ್ಜ್ ಅನ್ನೋ ಕಚ್ಚುಗಳಿರುವ ಉದ್ದನೆಯ ಸ್ಟೀಲ್ ಪಟ್ಟಿ, ಸಂದಿ ಅಳೆಯೋ ತೆಳು ಎಲೆಗಳ ಫಿಲ್ಲರ್ ಗೇಜ್, ತಂತಿ ಎತ್ತರ ನೋಡೋ ಆಕ್ಷನ್ ಗೇಜ್, ಫ್ರೆಟ್‌ಗಳು (ನೆಕ್ ಮೇಲಿನ ಅಡ್ಡ ಲೋಹದ ಗೆರೆಗಳು) ಸಮ ಇವೆಯಾ ಅಂತ ನೋಡೋ ಫ್ರೆಟ್ ರಾಕರ್, ಎರಡು ಅಲೆನ್ ಕೀ, ಒಂದು ಕಪ್ಪು ಚೀಲ. ‘ಪ್ರೊಫೆಷನಲ್ ಪ್ರಿಸಿಶನ್ ಕಿಟ್’ ಅಂತ ದಪ್ಪ ಅಕ್ಷರದಲ್ಲಿ. ಫೋಟೋದಲ್ಲಿ ಮದುವೆ ಮನೆಯ ಬೆಳ್ಳಿ ತಟ್ಟೆ ಥರ ಹೊಳೆಯುತ್ತಿತ್ತು. ಸುಮ್ನೆ ದುಡ್ಡು ಹಾಕಲಿಲ್ಲ ನಾನು. ಫೋನ್ ಮಾಡಿ ಕೇಳಿದೆ, ‘ಅಂಚು ಗ್ರೈಂಡ್ ಮಾಡಿದ್ದೀರಾ?’ ಅಂತ. ‘ಸರ್, ಸಿಎನ್‌ಸಿ ಸರ್. ಡೌಟೇ ಬೇಡ’ ಅಂದ. ಗ್ರೈಂಡ್ ಮಾಡಿದ್ದೀರಾ ಅಂತ ಕೇಳಿದ್ದಕ್ಕೆ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷಿನ್) ಅನ್ನೋದು ಉತ್ತರವೇ ಅಲ್ಲ, ಅಲ್ವಾ? ಆಗ ಹೊಳೆಯಲಿಲ್ಲ. ಪೂರ್ತಿ ಹಣ ಮೊದಲೇ ಕೊಡಬೇಕು ಅಂದ. ಯುಪಿಐನಲ್ಲಿ ಕಳಿಸಿದೆ.

ಐದನೇ ದಿನ ಬಂತು. ಅದೇ ಭಾನುವಾರ ಒಬ್ಬ ಹುಡುಗ ಅವನ ಅಕೌಸ್ಟಿಕ್ ಗಿಟಾರ್ ತಂದ. ಅಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್. ‘ಮೇಷ್ಟ್ರೇ, ನೀವೇ ಒಂದ್ಸಲ ನೋಡಿಬಿಡಿ’ ಅಂತ ಬಿಟ್ಟು ಹೋದರು. ಹೊಸ ಟೂಲ್, ಹೊಸ ಉತ್ಸಾಹ. ನನಗೂ ಅದನ್ನೊಮ್ಮೆ ತೋರಿಸಿಕೊಳ್ಳಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ನೆಕ್ ಪೂರ್ತಿ ನೇರ ಇರಬಾರದು, ಅಲುಗಾಡೋ ತಂತಿಗೆ ಜಾಗ ಬೇಕು, ಅದಕ್ಕೆ ಮಧ್ಯದಲ್ಲಿ ಕೂದಲೆಳೆಯಷ್ಟು ತಗ್ಗು ಬಿಡುತ್ತಾರೆ ಅನ್ನೋದು ನಿಮಗೆ ಗೊತ್ತು. ರಿಲೀಫ್ ಅಂತೀವಲ್ಲ, ಅದು. ಏಳನೇ ಫ್ರೆಟ್ ಹತ್ತಿರ ಸುಮಾರು 0.25 ಮಿ.ಮೀ. ಎರಡೂವರೆ ಎ4 ಹಾಳೆಯ ದಪ್ಪ, ಅಷ್ಟೇ. ಪಟ್ಟಿಯನ್ನು ಬೋರ್ಡಿನ ಮೇಲಿಟ್ಟರೆ ಫ್ರೆಟ್‌ಗಳು ಕಚ್ಚಿನೊಳಗೆ ಸೇರಿಕೊಂಡು ಅಂಚು ಸೀದಾ ಮರದ ಮೇಲೆ ಕೂರುತ್ತದೆ. ಮಧ್ಯದಲ್ಲಿ ಫಿಲ್ಲರ್ ಗೇಜಿನ ಎಲೆ ತೂರಿಸಿ ನೋಡಬೇಕು. ಪಟ್ಟಿಯ ಒಂದು ಅಂಚು 25.5 ಇಂಚಿನ ಸ್ಕೇಲ್ (ನುಡಿಯೋ ತಂತಿಯ ಉದ್ದ) ಇರುವ ಗಿಟಾರಿಗೆ, ಇನ್ನೊಂದು 24.75ಕ್ಕೆ.

ಇಟ್ಟು ನೋಡಿದೆ. 0.50 ಎಲೆ ಆರಾಮಾಗಿ ಹೋಯಿತು. ಅಬ್ಬಾ, ಇಷ್ಟೊಂದು ಬಗ್ಗಿದೆಯಲ್ಲ ಅಂದುಕೊಂಡು ನೆಕ್ ಒಳಗಿದ್ದು ಅದರ ಬಾಗು ತಿದ್ದೋ ಕಂಬಿ, ಟ್ರಸ್ ರಾಡ್, ಕಾಲು ಸುತ್ತು ಬಿಗಿ ಮಾಡಿದೆ. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದೆ. ಇನ್ನೂ ಜಾಸ್ತಿ. ಇನ್ನೊಂದು ಕಾಲು. ಮತ್ತೊಂದು. ಕೊನೆಗೆ ಒಂದು ಪೂರ್ತಿ ಸುತ್ತು ಆಗುವಾಗ ಒಳಗೆಲ್ಲೋ ‘ಕಿರ್’ ಅಂತು. ಆ ಶಬ್ದಕ್ಕಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಪಟ್ಟಿ 0.20 ತೋರಿಸಿತು. ಖುಷಿಯಾಗಿ ನುಡಿಸಿದೆ.

ಝರ್ರ್. ಒಂದರಿಂದ ಐದನೇ ಫ್ರೆಟ್‌ವರೆಗೆ, ಆರೂ ತಂತಿ. ಡಬ್ಬದಲ್ಲಿ ಜೇನುನೊಣ ಬಿಟ್ಟ ಹಾಗೆ.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ‘ನಟ್ ಸವೆದಿದೆ, ಬೋನ್ ನಟ್ ಹಾಕಿಸೋಣ’ ಅಂತ ಹುಡುಗನ ಅಪ್ಪನಿಗೆ ಹೇಳಿದೆ. ನಟ್ ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕೂರೋ ಚಿಕ್ಕ ತುಂಡು. 700 ರೂಪಾಯಿ ಕೊಟ್ಟರು ಪಾಪ, ಮರುಮಾತಿಲ್ಲದೆ. ಹಾಕಿದೆ. ಖಾಲಿ ತಂತಿ ಸ್ವಲ್ಪ ಸುಧಾರಿಸಿತು. ಎರಡನೇ ಫ್ರೆಟ್ ಒತ್ತಿದರೆ ಅದೇ ಝರ್ರ್. ಬೆರಳು ಒತ್ತಿದ ಮೇಲೆ ನಟ್‌ಗೆ ಅಲ್ಲಿ ಏನು ಕೆಲಸ? ಏನೂ ಇಲ್ಲ. ಇದನ್ನು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ ಸ್ವಾಮಿ! ಆದರೆ ಕೈಯಲ್ಲಿ ಹೊಳೆಯೋ ಟೂಲ್ ಇತ್ತಲ್ಲ, ನಂಬಿಕೆ ಎಲ್ಲಾ ಅದರ ಮೇಲೆ.

ಕೊನೆಗೆ ಹಳೇ ಕಾಲದ ಹಾಗೆ ಮೊದಲನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ನೆಕ್ ಗಿಟಾರಿನ ಬಾಡಿಯನ್ನು ಸೇರುವ ಕಡೆ ದಪ್ಪ ತಂತಿ ಒತ್ತಿ ಹಿಡಿದು ನೋಡಿದೆ. ಬಿಗಿದ ತಂತಿಗಿಂತ ನೇರ ಇನ್ನೇನಿದೆ. ಏಳನೇ ಫ್ರೆಟ್ ಹತ್ತಿರ ತಂತಿ ಫ್ರೆಟ್ಟಿನ ಮೇಲೆ ಮಲಗಿತ್ತು. ಒಂದಿಷ್ಟೂ ಸಂದಿಲ್ಲ. ಪಟ್ಟಿ 0.20 ಅನ್ನುತ್ತಿದೆ, ತಂತಿ ಸೊನ್ನೆ ಅನ್ನುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು. ನಂಬಿ, ಆಗಲೂ ನಾನು ಅನುಮಾನ ಪಟ್ಟಿದ್ದು ಕೇಪೋ ಮೇಲೆ.

ಮರುದಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪರಿಚಯದ ಒಬ್ಬರ ಲೇತ್ ಶಾಪಿಗೆ ಪಟ್ಟಿ ತಗೊಂಡು ಹೋದೆ. ಯಜಮಾನರು ಅರವತ್ತು ದಾಟಿದವರು. ಗ್ರಾನೈಟ್ ಸರ್ಫೇಸ್ ಪ್ಲೇಟ್, ಅಂದರೆ ಪಕ್ಕಾ ಸಮತಟ್ಟಾದ ಕಲ್ಲು, ಬಟ್ಟೆಯಲ್ಲಿ ಒರೆಸಿದರು, ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರು. ಅವರ ಫಿಲ್ಲರ್ ಗೇಜ್ ತೆಗೆದರು. 0.20 ಮಧ್ಯದಲ್ಲಿ ತೂರಿತು. 0.25 ತೂರಿತು. 0.30 ಕೂಡ ತೂರಿತು. 0.35ಕ್ಕೆ ಸಿಕ್ಕಿಕೊಂಡಿತು. ತಿರುಗಿಸಿ ಇನ್ನೊಂದು ಅಂಚಿನ ಮೇಲೆ ನಿಲ್ಲಿಸಿದರೆ ತೊಟ್ಟಿಲು ತೂಗಿದ ಹಾಗೆ ಆಚೆ ಈಚೆ ವಾಲಾಡಿತು. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಉಬ್ಬು. ಇಡೀ ಪಟ್ಟಿಯೇ ಬಾಗಿದೆ.

‘ಸಾರ್, ಇದು ಸ್ಕೇಲಲ್ಲ, ಬಿಲ್ಲು. ಎಷ್ಟು ಕೊಟ್ರಿ?’

ನನ್ನ ಬಾಯಿಂದ ನಿಜ ಹೊರಡಲಿಲ್ಲ. ‘ಆರುನೂರು’ ಅಂದೆ.

‘ಆರುನೂರಾ!’ ಅಂತ ನಕ್ಕರು. ಪಕ್ಕದಲ್ಲಿ ಲೇತ್ ಮೇಲಿದ್ದ ಹುಡುಗನೂ ನಕ್ಕ. ಅವರು ಆರುನೂರಕ್ಕೇ ನಗುತ್ತಿದ್ದಾರೆ. ನನ್ನ ಜೇಬಿನಲ್ಲಿ 2,650ರ ರಸೀದಿ ಇದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವರೇ ಬಿಡಿಸಿ ಹೇಳಿದರು. ಶೀಟನ್ನು ಲೇಸರಿನಲ್ಲಿ ಕತ್ತರಿಸಿ ಹಾಗೇ ಬಿಟ್ಟಿದ್ದಾರೆ. ಕತ್ತರಿಸುವ ಬಿಸಿಗೆ, ಅಂಚಿನಲ್ಲಿ ಅಷ್ಟೊಂದು ಕಚ್ಚು ತೆಗೆದಿದ್ದಕ್ಕೆ ಲೋಹದ ಒಳಗಿನ ಬಿಗಿ ಬಿಟ್ಟುಕೊಂಡು ಪಟ್ಟಿ ಬಾಗುತ್ತದೆ. ಅದಕ್ಕೇ ಆಮೇಲೆ ಅಂಚು ಗ್ರೈಂಡ್ ಮಾಡಬೇಕು. ಇವರು ಬರೀ ಪಾಲಿಶ್ ಹೊಡೆದಿದ್ದಾರೆ. ಈಗ ಲೆಕ್ಕ ಹಾಕಿ. ಹುಡುಗನ ಗಿಟಾರಿನ ನಿಜವಾದ ರಿಲೀಫ್ ಬರೀ 0.20. ಏನೂ ಮುಟ್ಟಬೇಕಿರಲಿಲ್ಲ! ಪಟ್ಟಿ ತನ್ನ ಸೊಟ್ಟವನ್ನೂ ಸೇರಿಸಿ 0.50 ತೋರಿಸಿತು. ನಾನು ನೆಕ್ಕನ್ನು ಹಿಂದಕ್ಕೆ ಬಗ್ಗಿಸಿಬಿಟ್ಟೆ.

ಉಳಿದಿದ್ದನ್ನೂ ನೋಡಿಸಿದೆ. ಆಕ್ಷನ್ ಗೇಜಿನ ಸೊನ್ನೆ ಅಂಚಿನಿಂದ ಅರ್ಧ ಮಿ.ಮೀ. ಮೇಲೆ ಶುರುವಾಗುತ್ತದೆ. ಇಡೀ ಕಿಟ್ಟಿನಲ್ಲಿ ಸತ್ಯವಂತ ಅಂದರೆ ಫಿಲ್ಲರ್ ಗೇಜ್ ಒಂದೇ, ಮೈಕ್ರೋಮೀಟರಿನಲ್ಲಿ ಸರಿ ಬಂತು. ಅಂಥದ್ದು ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಟ್ಯಾಪೆಟ್ ಅಡ್ಜಸ್ಟ್ ಮಾಡೋಕೆ ಅಂತ ನೂರೈವತ್ತಕ್ಕೆ ಸಿಗುತ್ತದೆ.

ಇನ್ನು ಆ ಮಹಾಶಯನ ಉತ್ತರಗಳು.

ಮೊದಲನೇ ದಿನ, ‘ಸರ್, ನಿಮ್ಮ ನೆಕ್ ಟ್ವಿಸ್ಟ್ ಆಗಿರಬೇಕು. ಚೆಕ್ ಮಾಡಿಸಿ.’ ನೆಕ್ ಪಕ್ಕಕ್ಕಿಡಿ, ಪಟ್ಟಿ ನೋಡಿ ಅಂತ ಸರ್ಫೇಸ್ ಪ್ಲೇಟಿನ ವಿಡಿಯೋ ಕಳಿಸಿದೆ. ನೋಡಿದ್ದಾನೆ, ಎರಡು ದಿನ ಮಾತಿಲ್ಲ. ಆಮೇಲೆ, ‘ಆ ಸರ್ಫೇಸ್ ಪ್ಲೇಟ್ ಕ್ಯಾಲಿಬ್ರೇಟ್ ಆಗಿದ್ಯಾ ಸರ್?’ ಇದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಏನು ಅಂದರು ಅನ್ನೋದನ್ನು ಇಲ್ಲಿ ಬರೆಯೋಕಾಗಲ್ಲ.

ಆಮೇಲೆ, ‘ಕೊರಿಯರಲ್ಲಿ ಬೆಂಡ್ ಆಗಿರುತ್ತೆ, ನಮ್ಮ ಜವಾಬ್ದಾರಿ ಅಲ್ಲ.’ ರೀ, ಬಾಗಿರೋದು ಅಗಲದ ದಿಕ್ಕಿನಲ್ಲಿ! ಮೂರು ಮಿ.ಮೀ. ದಪ್ಪ, ಎರಡು ಬೆರಳು ಅಗಲದ ಸ್ಟೀಲ್ ಪಟ್ಟಿ ಕೊರಿಯರಲ್ಲಿ ಹಾಗೆ ಬಾಗುತ್ತದಾ? ಮೇಲೆ ಆನೆ ನಡೆದರೂ ಚಪ್ಪಟೆಯಾಗಿ ಬಾಗಬಹುದೇ ಹೊರತು ಅಂಚಿನ ಮೇಲಲ್ಲ. ಡಬ್ಬಕ್ಕೆ ಒಂದು ಗೀರೂ ಇರಲಿಲ್ಲ.

ಆಮೇಲೆ, ‘0.3 ಎಲ್ಲಾ ಕಣ್ಣಿಗೆ ಕಾಣುತ್ತಾ ಸರ್? ಅದು ಟಾಲರೆನ್ಸ್.’ ಅಳೆಯಬೇಕಾಗಿರೋದೇ 0.25, ಟೂಲಿನ ತಪ್ಪು 0.30. ನಮ್ಮ ಹಾಸನದ ಮಂಡಿಯಲ್ಲಿ ಆಲೂಗಡ್ಡೆ ತೂಗೋ ತಕ್ಕಡಿಯಲ್ಲಿ ಚಿನ್ನ ತೂಗಿ ಕೊಟ್ಟ ಹಾಗಾಯಿತು.

ಕೊನೆಯದು ವಾಯ್ಸ್ ಮೆಸೇಜ್. ಇದೇ ನನ್ನನ್ನು ಇವತ್ತು ಬರೆಯಲು ಕೂರಿಸಿದ್ದು. ‘ಸರ್, ಹಾಸನದಲ್ಲೆಲ್ಲಾ ಕೂತ್ಕೊಂಡು ಇಷ್ಟು ಟೆಕ್ನಿಕಲ್ಲಾಗಿ ಯಾರೂ ಕೇಳಲ್ಲ. ಬಿಗಿನರ್ಸ್‌ಗೆ ಮಾಡಿರೋ ಕಿಟ್ ಅದು. ಬೇಕಾದ್ರೆ ಗಿಟಾರ್ ಇಲ್ಲಿಗೇ ತನ್ನಿ, ಡಿಸ್ಕೌಂಟಲ್ಲಿ ಸೆಟಪ್ ಮಾಡಿಕೊಡ್ತೀನಿ.’ ಹಾಸನದಲ್ಲೆಲ್ಲಾ! ಆ ‘ಎಲ್ಲಾ’ ಕೇಳಿದಿರಾ? ಮಾರುವಾಗ ಪ್ರೊಫೆಷನಲ್ ಕಿಟ್, ವಾಪಸ್ ಕೇಳಿದರೆ ಬಿಗಿನರ್ಸ್ ಕಿಟ್. ತೆರೆದ ಪ್ಯಾಕೆಟ್ ವಾಪಸ್ ತಗೊಳ್ಳಲ್ಲವಂತೆ. ತೆರೆಯದೆ ಸೊಟ್ಟ ಅಂತ ಹೇಗೆ ಗೊತ್ತಾಗಬೇಕು? ಇದನ್ನು ಕೇಳಿದ ಮೇಲೆ ನನ್ನ ನಂಬರ್ ಬ್ಲಾಕ್.

1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. 2,650ಕ್ಕೆ ಇಷ್ಟೆಲ್ಲಾ ಯಾಕೆ ಅಂತ ಮನೆಯವಳು ಕೇಳುತ್ತಾಳೆ. ಆ ‘ಎಲ್ಲಾ’ಗೆ ಅಂದೆ.

ತಗೊಳ್ಳಲೇಬೇಕು ಅಂದರೆ ಪ್ಯಾಕೆಟ್ ತೆರೆಯುವಾಗ ವಿಡಿಯೋ ಮಾಡಿ. ಗಿಟಾರ್ ಹತ್ತಿರ ಒಯ್ಯುವ ಮೊದಲು ಒಂದು ದೊಡ್ಡ ಹಾಳೆ ಮೇಲೆ ಚೂಪಾದ ಪೆನ್ಸಿಲಿನಿಂದ ಅಂಚಿನುದ್ದಕ್ಕೂ ಗೆರೆ ಎಳೆಯಿರಿ. ಕಚ್ಚು ಇರುವ ಕಡೆ ಗೆರೆ ತುಂಡಾದರೆ ಪರವಾಗಿಲ್ಲ. ಆಮೇಲೆ ಪಟ್ಟಿ ಮಗುಚಿ ಹಾಕಿ ಅದೇ ಅಂಚನ್ನು ಅದೇ ಎರಡು ತುದಿಗೆ ಹೊಂದಿಸಿ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂರಬೇಕು. ಸೊಟ್ಟ ಇದ್ದರೆ ತಪ್ಪು ಎರಡರಷ್ಟಾಗಿ ಕಾಣುತ್ತದೆ. ನನ್ನದರಲ್ಲಿ ತೆಳ್ಳನೆ ಮೀನಿನ ಚಿತ್ರ ಬಂತು. ಇಷ್ಟು ಮಾಡೋಕೆ ಎರಡು ನಿಮಿಷ. ನಾನು ಮಾಡಲಿಲ್ಲ. ಮತ್ತೆ, ಸಿಎನ್‌ಸಿ ಅಂದ ಕೂಡಲೇ ಮರುಳಾಗಬೇಡಿ. ನಿಜ ಹೇಳಬೇಕೆಂದರೆ ರಿಲೀಫ್ ನೋಡೋಕೆ ಕೇಪೋ, ತಂತಿ, ಒಂದು ಫಿಲ್ಲರ್ ಗೇಜ್ ಸಾಕು.

ಹುಡುಗನ ಗಿಟಾರ್ ಬದುಕಿತು. ತಂತಿ ಸಡಿಲಿಸಿ ರಾಡ್ ನಿಧಾನಕ್ಕೆ ಹಿಂದಕ್ಕೆ ತಿರುಗಿಸಿದೆ, ಪುಣ್ಯಕ್ಕೆ ಮುರಿದಿರಲಿಲ್ಲ. ಅವನ ಅಪ್ಪನಿಗೆ 700 ವಾಪಸ್ ಕೊಟ್ಟು ನಡೆದಿದ್ದನ್ನು ಹೇಳಿದೆ. ‘ಹೋಗ್ಲಿ ಬಿಡಿ ಮೇಷ್ಟ್ರೇ’ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ ರಾತ್ರಿ ಸ್ನೇಹಿತನ ಫೋನಿನಲ್ಲಿ ನೋಡಿದೆ. ಅದೇ ಕಿಟ್, ಅದೇ ಫೋಟೋ, ಈಗ 2,850. ಕೆಳಗೆ ಹೊಸ ಸಾಲು: ‘ಹಾಸನ, ಚಿಕ್ಕಮಗಳೂರು, ಕೊಡಗಿಗೆ ಶಿಪ್ಪಿಂಗ್ ಫ್ರೀ.’