ಉದ್ದ ಫ್ರೇಮಿನ ಸೈಕಲ್ಲಿಗೆ ಡ್ರಾಪ್ ಹ್ಯಾಂಡಲ್: ಬಳ್ಳಾರಿಯ ಒಂದು ಅಂಗಡಿಯ ಕೆಲಸ

ಆಷಾಢದಲ್ಲಿ ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಸೈಕಲ್ ತುಳಿದವರಿಗೆ ಎದುರುಗಾಳಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ರಸ್ತೆ ಪಶ್ಚಿಮಕ್ಕೆ ಹೋಗುತ್ತದೆ, ಗಾಳಿ ಪಶ್ಚಿಮದಿಂದಲೇ ಬರುತ್ತದೆ. ನೇರ ಹ್ಯಾಂಡಲ್ ಹಿಡಿದು ಎದೆಯೊಡ್ಡಿ ಕುಳಿತವರು ಕುಡತಿನಿ ದಾಟಿ ತೋರಣಗಲ್ಲು ಸೇರುವಷ್ಟರಲ್ಲಿ ಬಸವಳಿದಿರುತ್ತಾರೆ. ನನ್ನ ಹೈಬ್ರಿಡ್ (ರೋಡ್ ಸೈಕಲ್ಲಿಗೂ ಮೌಂಟನ್ ಬೈಕಿಗೂ ನಡುವಿನ ಬಗೆಯ) ಸೈಕಲ್ಲಿಗೆ ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿಸಲು ಕೌಲ್ ಬಜಾರಿನ ಕಡೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದು ಈ ಕಾರಣಕ್ಕೆ. ಕೆಲಸದ ಮುಖ್ಯ ಭಾಗ ಬಹಳ ಚೆನ್ನಾಗಿ ಆಗಿದೆ, ಕೊನೆಯ ಭಾಗದಲ್ಲಿ ಅವಸರ ಕಾಣುತ್ತದೆ.

ಇಲ್ಲಿ ತೊಡಕೆಲ್ಲ ಫ್ರೇಮಿನ ಉದ್ದದ್ದು. ಹೈಬ್ರಿಡ್ ಮತ್ತು ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲುಗಳ ಫ್ರೇಮನ್ನು ನೇರ ಹ್ಯಾಂಡಲ್ಲಿಗೆಂದೇ ರೂಪಿಸಿರುವುದರಿಂದ ಅವುಗಳ ಮೇಲಿನ ಪೈಪು, ಅದೇ ಅಳತೆಯ ರೋಡ್ ಸೈಕಲ್ಲಿನದಕ್ಕಿಂತ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಹ್ಯಾಂಡಲ್ಲನ್ನು ಫೋರ್ಕಿನ ಪೈಪಿಗೆ ಜೋಡಿಸುವ ತುಂಡೇ ಸ್ಟೆಮ್, ಅದು ಹ್ಯಾಂಡಲ್ಲನ್ನು ಕಚ್ಚುವ ಜಾಗವೇ ಅದರ ಬಾಯಿ. ನೇರ ಹ್ಯಾಂಡಲ್ಲಿನಲ್ಲಿ ಕೈಗಳು ಆ ಬಾಯಿಯ ನೇರದಲ್ಲಿಯೇ ಇರುತ್ತವೆ. ಡ್ರಾಪ್ ಹ್ಯಾಂಡಲ್ ತಾನೇ 70ರಿಂದ 80 ಮಿಲಿಮೀಟರ್ ಮುಂದಕ್ಕೆ ಚಾಚುತ್ತದೆ. ಅದರ ಮೇಲೆ ಬ್ರೇಕ್ ಲಿವರಿನ ರಬ್ಬರ್ ಹಿಡಿಕೆ ಅಂಗೈಯನ್ನು ಇನ್ನೂ ಸುಮಾರು 30 ಮಿಲಿಮೀಟರ್ ಮುಂದಕ್ಕೆ ಒಯ್ಯುತ್ತದೆ. ಹಳೆಯ ಸ್ಟೆಮ್ಮನ್ನೇ ಉಳಿಸಿಕೊಂಡರೆ ಸವಾರ ಗೇಣರ್ಧದಷ್ಟು ಮುಂದೆ ಬಾಗಬೇಕಾಗಿ, ಸ್ವಲ್ಪ ದೂರದಲ್ಲೇ ಕುತ್ತಿಗೆ ಮತ್ತು ಸೊಂಟ ಹಿಡಿದುಕೊಳ್ಳುತ್ತವೆ.

ಅಂಗಡಿಯ ಮೆಕ್ಯಾನಿಕ್ ಇದನ್ನು ಬಲ್ಲವರು. ಪೆಟ್ಟಿಗೆಯಿಂದ ಹ್ಯಾಂಡಲ್ ತೆಗೆಯುವ ಮುನ್ನವೇ, "ಸರ್, ಮೊದ್ಲು ಸೈಕಲ್ ಮ್ಯಾಲೆ ಕುಂದ್ರಿ, ಆಮ್ಯಾಲೆ ಸ್ಟೆಮ್ ನೋಡೋಣ" ಎಂದು, ಸೀಟಿನ ತುದಿಯಿಂದ ಕೈಯಿಡುವ ಜಾಗದವರೆಗೆ ಅಳತೆಯ ಟೇಪ್ ಹಿಡಿದು ಬರೆದುಕೊಂಡರು. ಮೊದಲಿದ್ದ 90 ಮಿಲಿಮೀಟರ್ ಸ್ಟೆಮ್ಮಿನ ಬದಲು 40 ಮಿಲಿಮೀಟರಿನದನ್ನು ಹಾಕಿ, ಹ್ಯಾಂಡಲ್ ಎತ್ತರಿಸಲು ಸ್ಟೆಮ್ಮಿನ ಮೇಲಿದ್ದ ಉಂಗುರಗಳನ್ನು ಅದರ ಕೆಳಗೆ ಇಳಿಸಿದರು. ಫೋರ್ಕಿನ ಪೈಪು ಹಿಂದಕ್ಕೆ ವಾಲಿರುವುದರಿಂದ ಹ್ಯಾಂಡಲ್ಲನ್ನು 10 ಮಿಲಿಮೀಟರ್ ಎತ್ತರಿಸಿದಾಗ ಅದು ಸುಮಾರು 3 ಮಿಲಿಮೀಟರ್ ಹತ್ತಿರವೂ ಬರುತ್ತದೆ. ದೂರವನ್ನು ಸರಿದೂಗಿಸಲು ಸೀಟನ್ನು ಮುಂದಕ್ಕೆ ಎಳೆಯಿರಿ ಎಂಬ ಸುಲಭದ ಸಲಹೆಯನ್ನು ಅವರು ಕೊಡಲಿಲ್ಲ ಎಂಬುದನ್ನು ವಿಶೇಷವಾಗಿ ಹೇಳಬೇಕು. ಸೀಟಿನ ಜಾಗ ಮೊಣಕಾಲು ಮತ್ತು ಪೆಡಲ್ಲಿನ ಲೆಕ್ಕದ್ದೇ ಹೊರತು ಹ್ಯಾಂಡಲ್ಲಿನದಲ್ಲ. ಮೇಲಿನ ಬೋಲ್ಟಿನಿಂದ ಬೇರಿಂಗಿನ ಆಟ ತೆಗೆದು, ಆನಂತರವೇ ಪಕ್ಕದ ಬೋಲ್ಟುಗಳನ್ನು ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ 5 ನ್ಯೂಟನ್ ಮೀಟರಿಗೆ ಬಿಗಿದರು. ಆ ರೆಂಚನ್ನು ನಮ್ಮೂರಿನ ಸೈಕಲ್ ಅಂಗಡಿಯಲ್ಲಿ ಕಂಡದ್ದೇ ನನಗೊಂದು ಸಮಾಧಾನ.

ಗಿಡ್ಡ ಸ್ಟೆಮ್ ಹಾಕಿದರೆ ಸೈಕಲ್ ಚಂಚಲವಾಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಲಿವರಿನ ಹಿಡಿಕೆಯ ಮೇಲೆ ಕೈಯಿಟ್ಟಾಗ ಅದು ನಿಜವಾಗಲಿಲ್ಲ. ಸ್ಟೆಮ್ಮಿನ 40, ಹ್ಯಾಂಡಲ್ಲಿನ 70, ಹಿಡಿಕೆಯ 30 ಕೂಡಿದರೆ ಕೈಗಳು ತಿರುಗುವ ಅಚ್ಚಿಗಿಂತ 140 ಮಿಲಿಮೀಟರ್ ಮುಂದಿರುತ್ತವೆ. ಹಿಂದೆ ಇದ್ದದ್ದು 90. ಆದರೆ ಹ್ಯಾಂಡಲ್ಲಿನ ಮೇಲಿನ ನೇರ ಭಾಗವನ್ನು ಹಿಡಿದು ಸಂಡೂರಿನ ಏರನ್ನು ನಿಧಾನವಾಗಿ ಹತ್ತುವಾಗ ಮುಂದಿನ ಗಾಲಿ ಖಂಡಿತ ಅಲೆಯುತ್ತದೆ, ಅಲ್ಲಿ ಕೈಗಳು ಹತ್ತಿರವೂ ಇಕ್ಕಟ್ಟಾಗಿಯೂ ಇರುತ್ತವೆ. ಇನ್ನು ಕೆಳಗಿನ ಬಾಗು ಹಿಡಿದು ತಲೆ ತಗ್ಗಿಸಿದರೆ, ಅದಿರಿನ ಲಾರಿ ಪಕ್ಕದಲ್ಲಿ ಹಾದಾಗ ಬೀಸುವ ಗಾಳಿಗೂ ಸೈಕಲ್ ಮೊದಲಿನಷ್ಟು ತೂರಾಡುವುದಿಲ್ಲ. ಎಂಟಿಬಿಗೆ ಡ್ರಾಪ್ ಹ್ಯಾಂಡಲ್ ಹಾಕುವುದು ಹೊಸ ಹುಚ್ಚೂ ಅಲ್ಲ. ಅಮೆರಿಕದ ಜಾನ್ ಟೋಮ್ಯಾಕ್ 1990ರಲ್ಲಿ ಅಂಥದ್ದರಲ್ಲಿಯೇ ಎಂಟಿಬಿ ರೇಸುಗಳನ್ನು ಓಡಿದ್ದರು.

ಸ್ಟೆಮ್ಮನ್ನು ತಾವೇ ಕೊಂಡು ತರುವವರು ಬಾಯಿಯ ಅಳತೆ ನೋಡಬೇಕು. ಇಂದಿನ ಹೆಚ್ಚಿನ ಡ್ರಾಪ್ ಹ್ಯಾಂಡಲ್ಲುಗಳ ನಡುಭಾಗ 31.8 ಮಿಲಿಮೀಟರ್ ದಪ್ಪವಿದ್ದರೆ, ಎಂಟಿಬಿಗೆಂದು ಮಾರುವ ಗಿಡ್ಡ ಸ್ಟೆಮ್ಮುಗಳಲ್ಲಿ ಹಲವು 35 ಮಿಲಿಮೀಟರಿನವು. ತಗಡು ಸುತ್ತಿ ಕೂರಿಸುವುದು ಅಪಾಯ.

ಬ್ರೇಕಿನ ವಿಷಯದಲ್ಲಿಯೂ ಅಂಗಡಿಯವರು ಜಾಣತನ ತೋರಿದರು. ನನ್ನ ಸೈಕಲ್ಲಿನಲ್ಲಿರುವ ವಿ-ಬ್ರೇಕಿಗೆ (ಎರಡು ಉದ್ದ ತೋಳುಗಳಿಂದ ರಿಮ್ಮನ್ನು ಒತ್ತುವ ಬ್ರೇಕು) ಹೆಚ್ಚು ಕೇಬಲ್ ಎಳೆಯುವ ಲಿವರ್ ಬೇಕು. ಸಾಮಾನ್ಯ ರೋಡ್ ಲಿವರ್ ಎಳೆಯುವುದು ಕಡಿಮೆಯಾದ್ದರಿಂದ, ಪ್ಯಾಡುಗಳು ರಿಮ್ಮನ್ನು ಗಟ್ಟಿಯಾಗಿ ಹಿಡಿಯುವ ಮೊದಲೇ ಲಿವರ್ ಹ್ಯಾಂಡಲ್ಲಿಗೆ ತಾಗಿಬಿಡುತ್ತದೆ. ವಿ-ಬ್ರೇಕಿಗೆ ಒಪ್ಪುವ ಡ್ರಾಪ್ ಲಿವರುಗಳನ್ನು ಬೆಂಗಳೂರಿನಿಂದ ತರಿಸಿ ಹಾಕಿದರು, ಅವು ಬರುವವರೆಗೆ ಸೈಕಲ್ ಕೊಡಲು ಒಪ್ಪಲಿಲ್ಲ. ಹಳೆಯ ಗೇರ್ ಲಿವರುಗಳ ಪಟ್ಟಿ 22.2 ಮಿಲಿಮೀಟರ್ ಪೈಪಿನದು, ಡ್ರಾಪ್ ಹ್ಯಾಂಡಲ್ 23.8, ಹಾಗಾಗಿ ಹ್ಯಾಂಡಲ್ಲಿನ ತುದಿಗೆ ಸಿಕ್ಕಿಸುವ ಗೇರ್ ಲಿವರುಗಳು ಬಂದವು.

ದೂರು ಇರುವುದು ಕೇಬಲ್ ಮತ್ತು ಹ್ಯಾಂಡಲ್ಲಿಗೆ ಸುತ್ತುವ ಟೇಪಿನ ಬಗ್ಗೆ. ಹಿಂದಿನ ಬ್ರೇಕಿನ ಔಟರನ್ನು (ಕೇಬಲ್ಲಿನ ಹೊರಕವಚ) ಗಿಡ್ಡವಾಗಿ ಕತ್ತರಿಸಿದ್ದರಿಂದ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಬ್ರೇಕ್ ತಾನಾಗಿಯೇ ಹಿಡಿಯುತ್ತಿತ್ತು. ತೋರಿಸಿದ ಮೇಲೆ ಹಣ ಕೇಳದೆ ಬದಲಿಸಿಕೊಟ್ಟರು. ಟೇಪನ್ನು ಮೇಲಿನಿಂದ ಕೆಳಕ್ಕೆ ಸುತ್ತಿದ್ದಾರೆ. ಕೆಳಗಿನ ತುದಿಯಿಂದ ಆರಂಭಿಸಿ ಮೇಲಕ್ಕೆ ಸುತ್ತಿದ್ದರೆ ಅಂಗೈಯ ಒತ್ತಡಕ್ಕೆ ಅಂಚುಗಳು ಮಗುಚುತ್ತಿರಲಿಲ್ಲ. ಅದೂ ಕಪ್ಪು ಟೇಪು: ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಕಪ್ಪು ಟೇಪನ್ನು ಮುಟ್ಟಿದವರಿಗೇ ಗೊತ್ತು.

ಕೂಲಿ ₹700 ತೆಗೆದುಕೊಂಡರು, ಸಾಮಾನಿನ ಬೆಲೆ ಬೇರೆ. ಅಳೆದು ನೋಡುವ ಶ್ರಮಕ್ಕೆ ಇದು ಹೆಚ್ಚಲ್ಲ, ಆದರೆ ಸಾಮಾನಿನ ಖರ್ಚು ಇದರ ಎಷ್ಟೋ ಪಟ್ಟು ಆಗುತ್ತದೆ. ಈಗಾಗಲೇ 35 ಅಥವಾ 40 ಮಿಲಿಮೀಟರ್ ಸ್ಟೆಮ್ಮಿನೊಂದಿಗೇ ಬರುವ ಇತ್ತೀಚಿನ ಉದ್ದ ಎಂಟಿಬಿ ನಿಮ್ಮಲ್ಲಿದ್ದರೆ ಮೊಟಕು ಮಾಡಲು ಏನೂ ಉಳಿದಿರುವುದಿಲ್ಲ. ಅಂಥ ಒಂದು ಸೈಕಲ್ಲನ್ನು ಇದೇ ಅಂಗಡಿಯವರು ನನ್ನೆದುರಿಗೇ ಕೆಲಸ ಒಪ್ಪಿಕೊಳ್ಳದೆ ವಾಪಸು ಕಳುಹಿಸಿದರು.